ಶನಿವಾರದ ತಂಬಿಗೆ

ಶಹಾಬಾದ, ೨೬ ಫೆಬ್ರುವರಿ ೧೯೩೬, ಬುಧವಾರ

ಇಂದಿನಿಂದ ನಲವತ್ತು ದಿನ ಶ್ರಮೆಯ ಕಾಲ, ಕರ್ತನು ಶಿಲುಬೆಯ ಮೇಲೆ ಪಟ್ಟ ಯಾತನೆಯನ್ನು ನೆನೆಯುವ ದಿನಗಳು. ಪಾದ್ರಿ ಅಯ್ಯನವರು ಹೋದ ಸಲ ಬಂದಾಗ ಎಲ್ಲ ಉಪದೇಶಿಗಳಿಗೂ ಒಂದೊಂದು ಕಾರ್ಡು ಕೊಟ್ಟು ಹೋಗಿದ್ದಾರೆ. ಅದರಲ್ಲಿ ದಿನಕ್ಕೊಂದು ಸುವಾರ್ತೆಯ ಭಾಗ ಅಚ್ಚಾಗಿದೆ. ಬೆಳಿಗ್ಗೆ ಓದಬೇಕು, ಹಗಲೆಲ್ಲ ಅದರಂತೆ ನಡೆಯಬೇಕು, ಸಂಜೆ ಬರೆಯಬೇಕು. "ನನಗೂ ತೋರಿಸಬೇಡಿ, ಬೇರೆ ಯಾರಿಗೂ ತೋರಿಸಬೇಡಿ" ಎಂದರು. ಯಾರಿಗೂ ತೋರಿಸದೆ ಇರುವುದಾದರೆ ಬರೆಯುವುದೇಕೆ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಗಾಡಿ ಬಂತು. ಇರಲಿ. ಒಳ್ಳೆಯ ಕಾಗದ ತಂದು ವಹಿ ಹೊಲಿದಿದ್ದೇನೆ. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಹೆಸರೂ ಬರೆದಿದ್ದೇನೆ: ದಾನಿಯೇಲಪ್ಪ, ಉಪದೇಶಿ, ಶಹಾಬಾದ ಸಭೆ.

ಇಂದಿನ ಭಾಗ ನನಗೆ ಬಾಯಿಪಾಠ. ಕಾಣಿಕೆ ಹಿಡಿದು ವೇದಿಯ ಹತ್ತಿರ ಬಂದವನಿಗೆ ತನ್ನ ಮೇಲೆ ಮುನಿಸಿಕೊಂಡವರ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವರೊಂದಿಗೆ ಒಂದಾಗಬೇಕು, ಆಮೇಲೆ ಬರಬೇಕು. ನಮ್ಮ ಸಭೆ ನಿಂತಿರುವುದೇ ಈ ಮಾತಿನ ಮೇಲೆ. ಪಾದ್ರಿ ಅಯ್ಯನವರು ಮೂರು ತಿಂಗಳಿಗೊಮ್ಮೆ ಬಂದು ರೊಟ್ಟಿ ಮುರಿದು, ದ್ರಾಕ್ಷಾರಸದ ಬಟ್ಟಲು ಹಿಡಿದು ಕರ್ತನ ಭೋಜನ ಕೊಡುತ್ತಾರೆ. ಅದರ ಹಿಂದಿನ ಶನಿವಾರ ನಾನು ಹಿತ್ತಾಳೆಯ ತಂಬಿಗೆ ಹಿಡಿದು ಸಭೆಯ ಮನೆಮನೆಗೂ ಹೋಗಿ ಕೇಳುತ್ತೇನೆ: "ಯಾರ ಕೂಡ ಮಾತ ಬಿಟ್ಟೀರಿ?" ಹಾಗೆ ಬಿಟ್ಟವರಿದ್ದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಒಂದೇ ತಂಬಿಗೆಯ ನೀರು ಕುಡಿಸುತ್ತೇನೆ. ಮೇಲೆತ್ತಿ ಬಾಯಿಗೆ ಸುರಿದುಕೊಂಡರೆ ಅದು ಲೆಕ್ಕಕ್ಕಿಲ್ಲ. ಒಬ್ಬರು ತುಟಿ ಹಚ್ಚಿದ ಮೇಲೆ ಇನ್ನೊಬ್ಬರೂ ತುಟಿ ಹಚ್ಚಿಯೇ ಕುಡಿಯಬೇಕು. ನಮ್ಮಪ್ಪ ಹಾಕಿಕೊಟ್ಟ ರೂಢಿ ಇದು. ಕುಡಿದವರ ಹೆಸರು ಪಟ್ಟಿ ಮಾಡಿ ಅಯ್ಯನವರ ಕೈಗೆ ಕೊಡುತ್ತೇನೆ. ಜಗಳವಿದ್ದೂ ಕುಡಿಯದವರಿಗೆ ಭೋಜನವಿಲ್ಲ.

ಇಪ್ಪತ್ತಾರು ವರ್ಷಗಳಲ್ಲಿ ಆ ಪಟ್ಟಿಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ನನಗೆ ಯಾರೊಂದಿಗೂ ಜಗಳವಿಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ನನ್ನ ಹೆಂಡತಿ ನೀಲಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಈ ಕೊನೆಯ ಸಾಲಿಗೆ ಬಂದಾಗ ಬಡಿಯುವ ಸದ್ದು ನಿಂತಿತು. ತಲೆಯೆತ್ತಿ ನೋಡಿದೆ. ಮತ್ತೆ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

೨ ಮಾರ್ಚ್, ಸೋಮವಾರ

ಇಂದಿನ ಭಾಗ: ಬೇರೆಯವರ ಕಣ್ಣಿನ ರವೆ ಕಾಣುವವನು ತನ್ನ ಕಣ್ಣಿನ ತೊಲೆ ಕಾಣುವುದಿಲ್ಲ ಎಂಬುದು.

ದೇವರು ಭಾಗಕ್ಕೆ ತಕ್ಕ ಕೆಲಸವನ್ನೇ ಕಳಿಸಿದ. ನೆರೆಮನೆಯ ಬಂದೇಅಲಿ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಸೀಳುವವನು. ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ಓಡಿ ಬಂದ. ಕಲ್ಲಿನ ಚೂರು ಹೊಕ್ಕಿತ್ತು. ಈ ಓಣಿಯಲ್ಲಿ ಯಾರ ಕಣ್ಣಿಗೆ ಚೂರು ಬಿದ್ದರೂ ನನ್ನ ಹತ್ತಿರವೇ ಬರುತ್ತಾರೆ. ನನ್ನ ಕೈ ನಡುಗುವುದಿಲ್ಲ. ಧೋತರದ ಚುಂಗು ಒದ್ದೆ ಮಾಡಿ ಮೆಲ್ಲಗೆ ತೆಗೆದೆ. ತೆಗೆಯುತ್ತಾ ಅವನಿಗೆ ಇಂದಿನ ಭಾಗವನ್ನೂ ಹೇಳಿದೆ.

"ಅಲ್ರೀ ಮಾಸ್ತರ್ ಸಾಬ್, ನನ್ನ ಕಣ್ಣಾಗಿಂದು ನೀವ್ ತೆಗದ್ರಿ. ನಿಮ್ಮ ಕಣ್ಣಾಗಿಂದು ಯಾರು ತೆಗೀಬೇಕು?" ಎಂದ.

"ನನ್ನ ಕಣ್ಣಾಗ ಏನೂ ಇಲ್ಲೋ" ಎಂದೆ.

"ಯಾ ಅಲ್ಲಾ! ನಾನೂ ಮುಂಜಾನಿ ಅದೇ ಅಂದಿದ್ದೆ" ಎಂದು ನಕ್ಕ. ಆಮೇಲೆ ಮುಖ ತೊಳೆಯುತ್ತಾ, ಏನೋ ಮಾಮೂಲಿ ಸುದ್ದಿ ಹೇಳುವವನ ಹಾಗೆ ಹೇಳಿದ: "ವಾಡಿ ಟೇಸನ್ನಿಗಿ ಫರ್ಸಿ ಹಾಕ್ಲಿಕ್ಕ ಹೋಗಿದ್ದೆ. ಎಸ್ತೇರಾ ಬೇಟಿ ಸಿಕ್ಕಿದ್ಳು. ಎಂಟ್ ತಿಂಗಳ ಹೊಟ್ಟಿ. ಭಾಳ ಸೊರಗ್ಯಾಳ. ನಿಮ್ಮನ್ನ ಕೇಳಿದ್ಳು."

ಎಸ್ತೇರಾ ನಮ್ಮ ಮಗಳು, ಒಬ್ಬಳೇ ಮಗಳು. ಅವಳು ಬಸುರಿ ಎಂಬುದು ನನಗೆ ನೆರೆಮನೆಯವನ ಬಾಯಿಂದ ತಿಳಿಯಬೇಕಾಯಿತು. ನೀಲಾಬಾಯಿಗೆ ಮೊದಲೇ ಗೊತ್ತಿತ್ತಂತೆ. "ನೀವು ಕೇಳಿಲ್ಲ, ನಾ ಹೇಳಿಲ್ಲ" ಎಂದಳು.

೬ ಮಾರ್ಚ್, ಶುಕ್ರವಾರ

ಬಾವಿಯ ಕಟ್ಟೆಯ ಮೇಲೆ ಕೂತ ಕರ್ತನು ಸಮಾರ್ಯದ ಹೆಂಗಸನ್ನು ನೀರು ಕೇಳಿದ ಕಥೆ. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟುತ್ತಿರಲಿಲ್ಲ. ಆದರೂ ಕರ್ತನು ಅವಳ ಕೊಡದ ನೀರನ್ನೇ ಕೇಳಿದ.

ಇದನ್ನು ಓದಿದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ. ತೆಂಗಳಿ ಹಳ್ಳಿಗೆ ಸುವಾರ್ತೆ ಹೇಳಲು ಹೋದಾಗ ಒಂದು ದೊಡ್ಡ ಮನೆಯ ಮುಂದೆ ನೀರು ಕೇಳಿದ್ದೆ. ನನ್ನನ್ನು ಅಂಗಳದ ಆಚೆ ನಿಲ್ಲಿಸಿ, ಬೊಗಸೆ ಹಿಡಿಸಿ, ಮಾರು ದೂರದಿಂದ ಸುರಿದರು. ಅರ್ಧ ನೀರು ನನ್ನ ಅಂಗಿಯ ತೋಳಿನೊಳಗೆ ಹೋಯಿತು. ಅವರೂ ಮನುಷ್ಯರು, ನಾನೂ ಮನುಷ್ಯ. ನನ್ನ ತುಟಿ ತಾಗಿದರೆ ಅವರ ತಂಬಿಗೆ ಕರಗಿಹೋಗುತ್ತಿತ್ತೇ? ಇಂಥವರಿಗೆ ನ್ಯಾಯತೀರ್ಪಿನ ಆ ದೊಡ್ಡ ದಿನ ಏನು ಕಾದಿದೆಯೆಂದು ಎರಡು ಪುಟ ಬರೆದೆ. ಚೆನ್ನಾಗಿ ಬಂದಿದೆ, ಭಾನುವಾರದ ಉಪದೇಶಕ್ಕೆ ಆಗುತ್ತದೆ. ನೀಲಾಬಾಯಿಗೆ ಓದು ಬಾರದು, ಆದ್ದರಿಂದ ಓದಿ ಹೇಳಿದೆ.

ಪೂರ್ತಿ ಕೇಳಿದಳು. ಆಮೇಲೆ, "ವಾಡ್ಯಾಗ ಈರಮ್ಮನ ಮನ್ಯಾಗೂ ಒಂದ್ ಕೊಡ ಅದ. ಅಲ್ಲಿ ನೀವ್ ನೀರ್ ಕುಡೀತೀರೇನು?" ಎಂದಳು.

"ಅದು ಬ್ಯಾರೆ" ಎಂದೆ.

"ಹ್ಯಾಂಗ್ ಬ್ಯಾರೆ?"

ಹೆಂಗಸರ ಸಂಗಡ ವಾದ ಮಾಡಬಾರದೆಂದು ಹೊರಗೆ ಹೋದೆ. ಹೇಗೆ ಬೇರೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಈರಮ್ಮ ಎಸ್ತೇರಾಳ ಅತ್ತೆ. ಅವರೂ ನಮ್ಮ ಹಾಗೆಯೇ ದೀಕ್ಷಾಸ್ನಾನ ಆದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಹಿರಿಯರು ಬಂದ ಕೇರಿ ಬೇರೆ, ಅವರ ಹಿರಿಯರು ಬಂದದ್ದು ಚರ್ಮ ಹದ ಮಾಡುವ ಕೇರಿಯಿಂದ. ಈರಮ್ಮ ಇವತ್ತಿಗೂ ಎತ್ತು ಕಟ್ಟಿ ಬಾವಿಯ ನೀರೆತ್ತುವ ಮೊಟ್ಟೆಗೆ ಚರ್ಮದ ಚೀಲ ಹೊಲಿಯುತ್ತಾಳೆ. ಎಸ್ತೇರಾ ವಾಡಿಯ ರೈಲ್ವೆ ಮಕ್ಕಳಿಗೆ ಅಕ್ಷರ ಕಲಿಸಲು ಹೋದವಳು, ಹಳಿ ಬದಲಿಸುವ ಕೆಲಸದ ದೇವಿಂದ್ರಪ್ಪನನ್ನು, ಈ ಈರಮ್ಮನ ಮಗನನ್ನು, ಮೆಚ್ಚಿದಳು. ಪಾದ್ರಿ ಅಯ್ಯನವರು ನನ್ನ ಒಪ್ಪಿಗೆ ಕೇಳಿದರು. ನಾನು ವಿರೋಧಿಸಲಿಲ್ಲ. "ದೇವರ ಚಿತ್ತ" ಎಂದೆ. ಮದುವೆಯ ದಿನ ನನಗೆ ಜ್ವರವಿತ್ತು, ಹೋಗಲಾಗಲಿಲ್ಲ. ನಿಜವಾಗಿಯೂ ಜ್ವರವಿತ್ತು. ಯಾರಾದರೂ ಮೈ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು. ಯಾರೂ ನೋಡಲಿಲ್ಲ.

ಇದಾಗಿ ಎರಡು ವರ್ಷ. ಬರಬೇಡ ಎಂದು ನಾನು ಮಗಳಿಗೆ ಒಂದು ದಿನವೂ ಹೇಳಿಲ್ಲ. ಬಾ ಎಂದು ಹೇಳಿಲ್ಲ, ಅಷ್ಟೇ. ಇದು ಮಾತು ಬಿಟ್ಟಂತಾಗುವುದಿಲ್ಲ.

ಈಗ ನೀಲಾಬಾಯಿ ಹಟ ಹಿಡಿದಿದ್ದಾಳೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಂತೆ, ಹೋಗಿ ಕರೆತನ್ನಿ ಅನ್ನುತ್ತಾಳೆ. ಮಗಳು ಬಂದರೆ ಹಿಂದೆಯೇ ಅಳಿಯ ಬರುತ್ತಾನೆ, ಬೀಗಿತ್ತಿ ಬರುತ್ತಾಳೆ, ನಮ್ಮ ಪಂಕ್ತಿಯಲ್ಲಿ ಕೂರುತ್ತಾರೆ. ಆಮೇಲೆ ನಾವೂ ಅಲ್ಲಿ ಹೋಗಿ ಕೂರಬೇಕು. ಸಭೆಯ ನಮ್ಮ ಕಡೆಯ ಮನೆಗಳವರು ಏನಂದಾರು? ಭೋಜನದ ಬಟ್ಟಲು ಕುಡಿಯುವಾಗಲೂ ಆ ಕೇರಿಯಿಂದ ಬಂದವರು ಕೊನೆಗೇ ಬರುತ್ತಾರೆ. ಯಾರೂ ನಿಯಮ ಮಾಡಿದ್ದಲ್ಲ, ತಾನಾಗಿ ನಡೆದುಕೊಂಡು ಬಂದದ್ದು. ಇದನ್ನೆಲ್ಲ ಒಂದು ಹೆರಿಗೆಗಾಗಿ ಕದಡಲಾಗುವುದಿಲ್ಲ.

೧೪ ಮಾರ್ಚ್, ಶನಿವಾರ

ಮನೆ ಬಿಟ್ಟುಹೋದ ಮಗನ ಕಥೆ. ತಂದೆ ಅವನನ್ನು ದೂರದಿಂದಲೇ ಕಂಡು ಓಡಿಹೋಗಿ ತಬ್ಬಿಕೊಂಡ.

ಜನ ಇದರಲ್ಲಿ ತಂದೆಯನ್ನಷ್ಟೇ ನೋಡುತ್ತಾರೆ, ಮಗ ಮಾಡಿದ್ದನ್ನು ಮರೆಯುತ್ತಾರೆ. ಮಗ ತಾನೇ ಎದ್ದು ಬಂದ, ತಪ್ಪಾಯಿತು ಎಂದ. ಯಾರಾದರೂ ಹಾಗೆ ಬಂದರೆ ನಾನೂ ಓಡುತ್ತೇನೆ. ಇದನ್ನೇ ಒತ್ತಿ ಬರೆದೆ.

ನೀಲಾಬಾಯಿ ಜೋಳ ಹಸನು ಮಾಡುತ್ತಾ ಕೇಳಿಸಿಕೊಂಡಳು. "ದೂರಿದ್ದಾಗೇ ಕಂಡ ಅಂದ್ರ, ಅಪ್ಪ ದಿನಾ ಹಾದಿಗಿ ಬಂದು ನಿಂದರ್ತಿದ್ದ ಅಂದಂಗಾತು. ಒಳಗ ವಹಿ ಹಿಡಕೊಂಡು ಕುಂತಿದ್ರ ಹ್ಯಾಂಗ ಕಾಣ್ತಿತ್ತು?" ಎಂದಳು.

ಈ ಮಾತು ಯಾವ ವ್ಯಾಖ್ಯಾನದಲ್ಲೂ ನಾನು ಓದಿಲ್ಲ.

ನಾನೂ ಮಂಗಳವಾರ ಮಂಗಳವಾರ ಸ್ಟೇಷನ್ನಿಗೆ ಹೋಗುತ್ತೇನೆ. ಅದು ಮಿಷನ್ನಿನ ಟಪಾಲು ತರಲು. ವಾಡಿಯ ಗಾಡಿ ಪೂರ್ತಿ ಖಾಲಿಯಾಗುವ ತನಕ ನಿಲ್ಲುವುದು ಟಪಾಲಿನವನು ತಡ ಮಾಡುವುದರಿಂದ.

೧೫ ಮಾರ್ಚ್, ಭಾನುವಾರ

ಓದಿದೆ. ನೀಲಾಬಾಯಿ ಮಾತಾಡುತ್ತಿಲ್ಲ. ಬರೆಯುವಂಥದ್ದೇನೂ ಇಲ್ಲ.

೨೩ ಮಾರ್ಚ್, ಸೋಮವಾರ

ಹೋದಳು.

ಬೆಳಿಗ್ಗೆ ನಾನು ಓದುತ್ತಿದ್ದಾಗ ಹಳೆಯ ಮೆತ್ತನೆಯ ಸೀರೆಗಳನ್ನು ಮಡಚಿ ಗಂಟು ಕಟ್ಟಿದಳು. ಬಾಣಂತಿಯ ಉಂಡೆಗೆ ಬೇಕಾದ ಒಣಕೊಬ್ಬರಿ, ಬೆಲ್ಲ, ಅಳವಿ ಬೀಜ, ಅಂಟು ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿದಳು. ಯಾವಾಗ ಕೂಡಿಹಾಕಿದ್ದಳೋ ಏನೋ. "ಎಲ್ಲಿಗಿ?" ಎಂದೆ.

"ವಾಡಿಗಿ. ತವರುಮನಿ ಮಗಳಿಗಿ ಬರಲಿಲ್ಲ ಅಂದ್ರ ತವರುಮನೀನೇ ಹೊತಗೊಂಡು ಹೋಗ್ತೀನಿ."

"ನನ್ನ ಕೇಳಬೇಕಿತ್ತು" ಎಂದೆ.

"ಕೇಳೀನಲ್ರಿ ಹದಿನೈದ ದಿನ" ಎಂದಳು. ಬಾಗಿಲ ತನಕ ಹೋದವಳು ತಿರುಗಿ, "ಹಿಟ್ಟು ಬೀಸಿಟ್ಟೀನಿ. ಉಪ್ಪಿನಕಾಯಿ ಭರಣಿಗಿ ಒದ್ದಿ ಕೈ ಹಚ್ಚಬ್ಯಾಡ್ರಿ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಬಿಟ್ಟು ಅವಳು ಒಬ್ಬಳೇ ರೈಲು ಹತ್ತಿದ್ದು ಇದೇ ಮೊದಲು. ಸಿಟ್ಟು ಬಂತು. ಸ್ಟೇಷನ್ನಿನ ತನಕ ಗಂಟು ಹೊತ್ತುಕೊಟ್ಟು ಬಂದೆ.

ಇಂದಿನ ಭಾಗ ಯಾವುದೆಂದು ಈಗ ನೆನಪಾಗುತ್ತಿಲ್ಲ. ಬೆಳಿಗ್ಗೆ ಓದಿದ್ದಂತೂ ನಿಜ.

೨೭ ಮಾರ್ಚ್, ಶುಕ್ರವಾರ

ಮಾರ್ಥ, ಮರಿಯ ಎಂಬ ಅಕ್ಕತಂಗಿಯರ ಕಥೆ. ಮರಿಯಳು ಕರ್ತನ ಪಾದದ ಹತ್ತಿರ ಕೂತು ಕೇಳಿದಳು, ಮಾರ್ಥಳು ಅಡುಗೆಮನೆಯಲ್ಲಿ ಒದ್ದಾಡಿದಳು. ಇಷ್ಟು ವರ್ಷ ಉಪದೇಶದಲ್ಲಿ ಮರಿಯಳನ್ನು ಹೊಗಳಿ ಮಾರ್ಥಳಿಗೆ ಬುದ್ಧಿ ಹೇಳುತ್ತಾ ಬಂದಿದ್ದೇನೆ. ಇಂದು ಮೂರು ರೊಟ್ಟಿ ಸುಟ್ಟು, ನಾಲ್ಕನೆಯದು ಹಂಚಿಗೆ ಅಂಟಿಕೊಂಡ ಮೇಲೆ ಒಂದು ಪ್ರಶ್ನೆ ಎದ್ದಿತು. ಆ ದಿನ ಅಲ್ಲಿ ಎಲ್ಲರೂ ಊಟ ಮಾಡಿರಬೇಕಲ್ಲ, ಆ ಅಡುಗೆ ಕೊನೆಗೆ ಯಾರು ಮಾಡಿದರು? ಬರೆದಿಲ್ಲ.

ಹೊಗೆ ನೋಡಿ ಬಂದೇಅಲಿ ಬಂದ. ಅವನ ಹೆಂಡತಿ ಬಷೀರಾ ಎರಡು ರೊಟ್ಟಿ, ಬ್ಯಾಳಿ ಕಳಿಸಿದ್ದಳು. ತಿಂದೆ. ಅವನು ಎದುರಿಗೆ ಕೂತು ನೋಡುತ್ತಿದ್ದ.

"ಮಾಸ್ತರ್ ಸಾಬ್, ಒಂದ್ ಮಾತ ಕೇಳ್ಲೇನ್ರಿ?"

"ಕೇಳು."

"ನನ್ನ ಮನಿ ರೊಟ್ಟಿ ತಿಂತೀರಿ. ನಾ ಮುಸಲ್ಮಾನ. ನಿಮ್ಮ ಅಳಿಯಾ ನಿಮ್ಮದೇ ಕಿತಾಬ್ ಓದತಾನ, ನಿಮ್ಮದೇ ದೇವರಿಗಿ ಕೈ ಮುಗೀತಾನ. ಅವನ ಮನಿ ನೀರ್ ಒಲ್ಲಿರಿ. ಇದು ನನ್ನ ತಲಿಗಿ ಹೋಗವಲ್ದು."

ನಿನಗೆ ನಮ್ಮ ಸಭೆಯ ಒಳಗಿನ ಸಂಗತಿ ತಿಳಿಯುವುದಿಲ್ಲ ಎಂದೆ. "ಹೌದ್ರಿ, ಅದೇ ಹೇಳ್ಲಿಕತ್ತೀನಿ, ತಿಳೀವಲ್ದು" ಎಂದ. ತಾಟು ತೊಳೆದು ಕೊಟ್ಟು ಕಳಿಸಿದೆ.

ತಾಟು ತೊಳೆಯುವಾಗ ಯೋಚಿಸಿದೆ, ನನಗಾದರೂ ತಿಳಿಯುತ್ತದೆಯೇ?

೫ ಏಪ್ರಿಲ್, ಭಾನುವಾರ

ಕರ್ತನು ಕತ್ತೆಯ ಮೇಲೆ ಪಟ್ಟಣಕ್ಕೆ ಬಂದ ದಿನ. ಸಭೆಯಲ್ಲಿ ಈಚಲ ಗರಿ ಹಿಡಿದು ಹಾಡಿದೆವು. ಬಿಸಿಲು ಭಾಳ. ಉಪದೇಶ ಬೇಗ ಮುಗಿಸಿದೆ. ಎಲ್ಲರೂ ಆಶ್ಚರ್ಯಪಟ್ಟರು.

ನೀಲಾಬಾಯಿಯಿಂದ ಸುದ್ದಿಯಿಲ್ಲ. ದಿನ ತುಂಬಿರಬೇಕು.

೯ ಏಪ್ರಿಲ್, ಗುರುವಾರ

ಕರ್ತನು ಶಿಷ್ಯರ ಕಾಲು ತೊಳೆದದ್ದು. ಎರಡು ಸಲ ಓದಿದೆ. ನಾನು ಯಾರ ಕಾಲನ್ನೂ ತೊಳೆದಿಲ್ಲ. ಎಸ್ತೇರಾಳ ಕಾಲು ತೊಳೆದಿದ್ದೆ, ಅವಳು ಮೂರು ವರ್ಷದವಳಿದ್ದಾಗ, ಖಣಿಯ ಕೆಸರಿನಲ್ಲಿ ಆಡಿಕೊಂಡು ಬಂದಾಗ. ಒಂದು ಕಾಲು ತೊಳೆಯುವಷ್ಟರಲ್ಲಿ ಇನ್ನೊಂದನ್ನು ಕೆಸರಿಗೆ ಇಡುತ್ತಿ‌ದ್ದಳು. ಬೈದರೆ ನಗುತ್ತಿದ್ದಳು.

ಇಷ್ಟೇ.

೧೦ ಏಪ್ರಿಲ್, ಶುಕ್ರವಾರ

ಶಿಲುಬೆಯ ದಿನ. ಮೂರು ತಾಸು ಆರಾಧನೆ. ಉಪವಾಸ.

ಪ್ರಾಣ ಬಿಡುವ ಹೊತ್ತಿನಲ್ಲಿ ಕರ್ತನು ತಾಯಿಗೆ ತನ್ನ ಶಿಷ್ಯನನ್ನು ತೋರಿಸಿ, ಇಗೋ ನಿನ್ನ ಮಗ ಎಂದನು. ಶಿಷ್ಯನಿಗೆ, ಇಗೋ ನಿನ್ನ ತಾಯಿ ಎಂದನು. ಅವತ್ತಿನಿಂದ ಶಿಷ್ಯ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದ. ನೆಂಟಸ್ತನ ಎಂದರೆ

ಮೇಲಿನ ಸಾಲಿನ ಮುಂದಿನದನ್ನು ಬರೆದು ಹೊಡೆದುಹಾಕಿದ್ದೇನೆ. ನಾಳೆ ತಂಬಿಗೆಯ ಶನಿವಾರ. ಬೇಗ ಏಳಬೇಕು.

ವಾಡಿ, ೧೧ ಏಪ್ರಿಲ್, ಶನಿವಾರ ಸಂಜೆ

ಪಟ್ಟಿಯ ಜೊತೆ ಚೀಲದಲ್ಲಿ ಈ ವಹಿಯೂ ಇತ್ತು, ಆದ್ದರಿಂದ ಬರೆಯುತ್ತಿದ್ದೇನೆ. ಅಕ್ಷರ ದುಂಡಗಿಲ್ಲ.

ಬೆಳಿಗ್ಗೆ ಮನೆಗಳನ್ನು ಸುತ್ತಿದೆ. ಏಳು ಜಗಳ ಸಿಕ್ಕವು, ಏಳೂ ತೀರಿದವು. ಇನ್ನೆರಡು ಮನೆ ಉಳಿದಿತ್ತು. ತಂಬಿಗೆಗೆ ನೀರು ತುಂಬಿಕೊಳ್ಳಲು ಮನೆಗೆ ಬಂದೆ. ಬಾಗಿಲ ಹೊರಗೆ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಆಚೆ, ಬಿಸಿಲಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಈರಮ್ಮ. ಅವಳನ್ನು ಹಿಂದೆ ಒಂದೇ ಸಲ ದೂರದಿಂದ ನೋಡಿದ್ದೆ.

"ಮಾಸ್ತರ್ರಿ, ಎಸ್ತೇರಾ ನಿನ್ನಿ ಹೊತ್ತ ಮುಣಗೂದ್ರಾಗಿಂದ ಬ್ಯಾನಿ ತಿನ್ಲಿಕತ್ತಾಳ. ಕೂಸು ಬರವಲ್ದು. ಸೂಲಗಿತ್ತಿ ಜಾನಬಿ ಅಂಜ್ಯಾಳ. ಹುಡುಗಿಗಿ ತ್ರಾಣ ಇಲ್ಲ, ಹಲ್ಲು ಕಚ್ಚಿ ಮಲಗ್ಯಾಳ. 'ಅಪ್ಪ ಬಂದ್ನೇನು' ಅಂತ ಅದೊಂದೇ ಕೇಳ್ತಾಳ. ಬರ್ರಿ."

ನಾನು ಏನು ಹೇಳಿದೆನೋ ಅದನ್ನೇ ಬರೆಯಬೇಕು. "ಇನ್ನೂ ಎರಡು ಮನಿ ಉಳದಾವ. ನಾಳಿ ಪಾದ್ರಿ ಅಯ್ಯನೋರು ಬರ್ತಾರ. ಪಟ್ಟಿ ಮುಗಿಸಿ ನೋಡ್ತೀನಿ" ಎಂದೆ. ಹೌದು, ಹೀಗೆ ಎಂದೆ.

ಅವಳು ನನ್ನ ಕೈಯಲ್ಲಿದ್ದ ತಂಬಿಗೆ ನೋಡಿದಳು. "ಹಂಗಾದ್ರ ನನ್ನೂ ಕೇಳ್ರಿ. ನಾನೂ ದೀಕ್ಷಾಸ್ನಾನ ಆದಾಕಿ" ಎಂದಳು.

ರೂಢಿಯ ಪ್ರಕಾರ ಕೇಳಲೇಬೇಕು. ಕೇಳಿದೆ: "ಯಾರ ಕೂಡ ಮಾತ ಬಿಟ್ಟೀರಿ?"

"ಯಾರ ಕೂಡನೂ ಬಿಟ್ಟಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ನಾ ಕೇಳ್ತೀನಿ. ನೀವ್ ಯಾರ ಕೂಡ ಮಾತ ಬಿಟ್ಟೀರಿ, ಬೀಗ್ರ?"

ಬೀಗರು ಎಂದು ನನ್ನನ್ನು ಈವರೆಗೆ ಯಾರೂ ಕರೆದಿರಲಿಲ್ಲ. ಇಪ್ಪತ್ತಾರು ವರ್ಷ ಊರೆಲ್ಲ ಕೇಳಿದ ಪ್ರಶ್ನೆ, ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಇದಕ್ಕೆ ಉತ್ತರ ಈ ವಹಿಯ ಮೊದಲನೇ ಪುಟದಲ್ಲೇ ಬರೆದಿಟ್ಟಿದ್ದೇನೆ. ಅದನ್ನೇ ಹೇಳಲು ಬಾಯಿ ತೆರೆದೆ. ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟೆ. ರುಮಾಲು ಸುತ್ತಿದೆನೋ ಇಲ್ಲವೋ ಗೊತ್ತಿಲ್ಲ. ವಾಡಿಗೆ ಬಂದು ನೋಡಿದರೆ ತಲೆ ಬರಿದಾಗಿತ್ತು.

ಗಾಡಿಯಲ್ಲಿ ಅವಳು ನನ್ನೆದುರು ಕೆಳಗೆ ಕೂತಳು. "ಮ್ಯಾಲ ಕುಂದ್ರಿ" ಎಂದೆ. ಬೆಂಚಿನ ತುದಿಯಲ್ಲಿ ಕೂತಳು. ಅವಳ ಬೆರಳುಗಳಲ್ಲಿ ದಬ್ಬಳ ಚುಚ್ಚಿದ ಕಪ್ಪು ಕಲೆಗಳಿದ್ದವು.

ಮನೆ ರೈಲು ಹಳಿಯ ಪಕ್ಕದಲ್ಲಿ, ಒಂದೇ ಕೋಣೆ. ನೀಲಾಬಾಯಿ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಬಯ್ಯಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. "ದನಿ ಮಾಡ್ರಿ. ಆಕಿಗಿ ಕೇಳಬೇಕು" ಎಂದಳು. ಮುಚ್ಚಿದ ಬಾಗಿಲ ಹತ್ತಿರ ನಿಂತು, "ಎಸ್ತೇರಾ, ನಾ ಬಂದೀನವ್ವ. ನಿಮ್ಮಪ್ಪ ಬಂದೀನಿ" ಎಂದು ಕೂಗಿದೆ. ಎರಡು ವರ್ಷದ ಮೇಲೆ ಮಗಳ ಸಂಗಡ ಆಡಿದ ಮೊದಲ ಮಾತು ಇದು. ಒಳಗಿನಿಂದ "ಅಪ್ಪಾ" ಎಂದಳು. ಆಮೇಲೆ ಕಿರುಚಿದಳು. ಜಾನಬಿ, "ಹಾಂ ಬೇಟಿ, ಹಂಗ, ಈಗ ಜೋರ್ ಹಚ್ಚು" ಎನ್ನುವುದು ಕೇಳಿಸಿತು.

ನಾನು ಅಂಗಳದ ಫರ್ಸಿಯ ಮೇಲೆ ಕೂತೆ. ಕಲ್ಲು ಕಾದಿತ್ತು. ಪ್ರಾರ್ಥನೆ ಮಾಡೋಣವೆಂದರೆ ಒಂದು ಮಾತೂ ಕೂಡಿಬರಲಿಲ್ಲ. ಬೇರೆಯವರ ಮನೆಗಳಲ್ಲಿ ಎಷ್ಟು ಚೆನ್ನಾಗಿ ಮಾಡುತ್ತೇನೆ! ದೇವಿಂದ್ರಪ್ಪ ಡ್ಯೂಟಿ ಮುಗಿಸಿ ಓಡುತ್ತಾ ಬಂದ. ನನ್ನನ್ನು ಕಂಡು ನಿಂತುಬಿಟ್ಟ. ಈರಮ್ಮ ಅವನ ಕೈಗೆ ನೀರಿನ ತಂಬಿಗೆ ಕೊಟ್ಟಳು. ಅವನು ಅರ್ಧ ಕುಡಿದಿದ್ದ, ಆಗ ಒಳಗಿನಿಂದ ಇನ್ನೊಂದು ಕೂಗು ಬಂತು, ನನ್ನ ಮಗಳ ದನಿಯೇ ಅಲ್ಲದಂಥ ಕೂಗು. ಅವನ ಕೈಯ ತಂಬಿಗೆ ಕಿತ್ತುಕೊಂಡು ಕುಡಿದೆ. ಎದೆಯ ಮೇಲೆಲ್ಲ ಚೆಲ್ಲಿಕೊಂಡೆ. ದೇವಿಂದ್ರಪ್ಪ ಯಾಕೋ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಇಲ್ಲಿ ಎಂಜಿನ್ನಿನ ಹೊಗೆ ವಿಪರೀತ.

ಆಮೇಲೆ ಕೂಸು ಅತ್ತಿತು.

ಹೆಣ್ಣು. ಈರಮ್ಮ ತಂದು, ನನ್ನನ್ನು ಕೇಳದೆಯೇ, ನನ್ನ ತೊಡೆಯ ಮೇಲೆ ಇಟ್ಟಳು. ಕಿವಿ ಥೇಟು ನಮ್ಮಪ್ಪನದು. ಎಸ್ತೇರಾ ಕಣ್ಣು ಬಿಟ್ಟಿದ್ದಾಳೆ, ಗಂಜಿ ಕುಡಿದಳಂತೆ. ರಕ್ತ ಬಹಳ ಹೋಗಿದೆ, ಎರಡು ದಿನ ಜೋಪಾನ ಎಂದು ಜಾನಬಿ ಹೇಳಿದ್ದಾಳೆ.

ಇಂದಿನ ಭಾಗ ಓದಲಿಲ್ಲ. ಕಾರ್ಡು ಶಹಾಬಾದದಲ್ಲೇ ಉಳಿಯಿತೋ ಏನೋ.

ವಾಡಿ, ೧೨ ಏಪ್ರಿಲ್, ಪುನರುತ್ಥಾನದ ಭಾನುವಾರ

ಬೆಳಗಿನ ಗಾಡಿಗೆ ಹೊರಡಬೇಕೆಂದಿದ್ದೆ. ಇಪ್ಪತ್ತಾರು ವರ್ಷಗಳಲ್ಲಿ ಈ ಭಾನುವಾರ ನಾನು ಸಭೆಯಲ್ಲಿ ಇಲ್ಲದೆ ಇದ್ದದ್ದಿಲ್ಲ. ಎಸ್ತೇರಾಳಿಗೆ ಹೇಳಲು ಒಳಗೆ ಹೋದೆ. ಕಣ್ಣು ಗುಳಿಬಿದ್ದಿದ್ದವು. ಮೈ ಬಿಸಿಯಿತ್ತು. ನನ್ನ ಬೆರಳು ಹಿಡಿದುಕೊಂಡು, "ಇವತ್ತೊಂದ್ ದಿನ ಇರಪ್ಪಾ" ಎಂದಳು. ಬೇರೇನೂ ಕೇಳಲಿಲ್ಲ. ಎರಡು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ನಾನೇ ಹೇಳಿದೆ, "ತಪ್ಪಾತವ್ವ" ಎಂದೆ. ನಿದ್ದೆ ಹೋಗಿದ್ದಳು, ಕೇಳಿತೋ ಇಲ್ಲವೋ.

ಪಾದ್ರಿ ಅಯ್ಯನವರು ಹೈದರಾಬಾದ ಕಡೆಯ ಗಾಡಿಯಿಂದ ಇಳಿದು ಇಲ್ಲಿಯೇ ಶಹಾಬಾದದ ಗಾಡಿ ಹತ್ತಬೇಕು. ಪಟ್ಟಿ ಹಿಡಿದು ಪ್ಲಾಟ್‌ಫಾರ್ಮಿಗೆ ಹೋದೆ. ಹೋಗುವ ಮುಂಚೆ ಅದರ ಕೊನೆಗೆ ಇನ್ನೊಂದು ಸಾಲು ಬರೆದಿದ್ದೆ.

ಅಯ್ಯನವರು ನನ್ನನ್ನು ಇಲ್ಲಿ ಕಂಡು ಬೆರಗಾದರು. ಎಲ್ಲ ಹೇಳಿದೆ. ಪಟ್ಟಿ ತೆಗೆದುಕೊಂಡು ಓದಿದರು. ಏಳು ಜೋಡಿ. ಎಂಟನೆಯದರ ಹತ್ತಿರ ಅವರ ಬೆರಳು ನಿಂತಿತು.

"ಇದು ಇನ್ನೂ ಆಗಿಲ್ಲ ಅಯ್ಯನವರೇ" ಎಂದೆ. "ಒಂದು ಕಡೆ ನಾನು. ಇನ್ನೊಂದು ಕಡೆ ಮಗಳು, ಅಳಿಯ, ಬೀಗಿತ್ತಿ. ಮಾತು ಬಿಟ್ಟು ಎರಡು ವರ್ಷ. ಪ್ರತಿ ಸಲ ಪಟ್ಟಿಯಲ್ಲಿ ಬರೆಯದೆ ಮುಚ್ಚಿಟ್ಟೆ, ಮುಚ್ಚಿಟ್ಟುಕೊಂಡೇ ಭೋಜನ ತೆಗೆದುಕೊಂಡೆ. ಇವರ ಸಂಗಡ ಕೂತು ನೀರು ಕುಡಿದಿಲ್ಲ. ಆದ್ದರಿಂದ ಈ ಸಲ ನನಗೆ ಭೋಜನವಿಲ್ಲ."

ಅಲ್ಲೇ ಹಸಿರು ಬಾವುಟ ಹಿಡಿದು ದೇವಿಂದ್ರಪ್ಪ ನಿಂತಿದ್ದ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವವನಲ್ಲ ಅವನು. ಎರಡು ಸಲ ಕೆಮ್ಮಿದ.

"ಮಾವಾರ, ನಿನ್ನಿ ಕುಡದ್ರಲ್ರಿ."

"ಏನು?"

"ನೀರ್ರಿ. ನಾ ಕುಡೀಲಿಕತ್ತಿದ್ದೆ, ನೀವು ಕಸಗೊಂಡ್ರಿ. ನಮ್ಮವ್ವನ ತಂಬಗಿ."

ನಾನು ಅವನ ಮುಖ ನೋಡಿದೆ. ಪಾದ್ರಿ ಅಯ್ಯನವರು ಕನ್ನಡಕ ತೆಗೆದು ಕೇಳಿದರು: "ಎತ್ತಿ ಕುಡಿದರೋ, ತುಟಿ ಹಚ್ಚಿ ಕುಡಿದರೋ?"

"ತುಟಿ ಹಚ್ಚಿ ಕುಡದ್ರಿ, ಅಯ್ಯನೋರೆ. ನಾ ನನ್ನ ಕಣ್ಣಿಲೆ ನೋಡೀನಿ" ಎಂದ. ಗಾಡಿಗೆ ಬಾವುಟ ತೋರಿಸಲು ಓಡಿದ.

ಅಯ್ಯನವರು ಪೆನ್ಸಿಲ್ ತೆಗೆದು ಎಂಟನೆಯ ಸಾಲಿನ ಮುಂದೆ ಗುರುತು ಹಾಕಿದರು. "ನೀವು ಮಗಳ ಹತ್ತಿರ ಇರಿ. ಉಳಿದ ಎರಡು ಮನೆಗೆ ನಾನೇ ಹೋಗುತ್ತೇನೆ. ತಂಬಿಗೆ ಎಲ್ಲಿದೆ?" ಎಂದರು. "ನನ್ನ ಮನೆಯ ಹೊಸ್ತಿಲ ಮೇಲೆ ಇರಬೇಕು" ಎಂದೆ. ಗಾಡಿ ಹೋಯಿತು. ನಾನು ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಕೂತು ಸಣ್ಣ ಮಕ್ಕಳ ಹಾಗೆ ಅತ್ತೆ. ನೋಡಲು ಯಾರೂ ಇರಲಿಲ್ಲ. ಇದ್ದಿದ್ದರೂ ಅಳುತ್ತಿದ್ದೆ.

ಮಧ್ಯಾಹ್ನ ಎಸ್ತೇರಾಳ ಜ್ವರ ಬಿಟ್ಟಿತು. ಊಟಕ್ಕೆ ಕೂತೆವು. ಕೊನೆಗೆ ಒಂದೇ ರೊಟ್ಟಿ ಉಳಿದಿತ್ತು. ಈರಮ್ಮ ಅದನ್ನು ಎರಡಾಗಿ ಮುರಿದು ಅರ್ಧ ಮಗನ ತಾಟಿಗೆ, ಅರ್ಧ ನನ್ನ ತಾಟಿಗೆ ಹಾಕಿದಳು. ಪುಂಡಿಪಲ್ಯ ಚೆನ್ನಾಗಿತ್ತು. ನೀಲಾಬಾಯಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಏನು?" ಎಂದೆ. "ಏನಿಲ್ಲ, ಉಣ್ರಿ" ಎಂದಳು.

ಕಾರ್ಡು ಚೀಲದ ತಳದಲ್ಲೇ ಇತ್ತು. ಇಂದಿನದು ಎಮ್ಮಾಹು ಎಂಬ ಊರಿನ ದಾರಿಯ ಕಥೆ. ಸತ್ತು ಎದ್ದ ಕರ್ತನು ಜೊತೆಗೇ ನಡೆದು ಬಂದರೂ ಶಿಷ್ಯರಿಬ್ಬರಿಗೆ ಗುರುತು ಹತ್ತಲಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿದು ಕೊಟ್ಟಾಗ ಗುರುತು ಹಿಡಿದರು. ಅಷ್ಟು ದೂರ ಜೊತೆಗೇ ನಡೆದವರಿಗೆ ತಿಳಿಯಲಿಲ್ಲವೆಂದರೆ ಅವರೆಂಥ ಮಂದ ಜನ ಎಂದು ಪ್ರತಿ ವರ್ಷ ಉಪದೇಶದಲ್ಲಿ ಬೈಯುತ್ತಿದ್ದೆ. ಈ ವರ್ಷ ಕೊನೆಯ ತನಕ ಓದಲು ಆಗಲಿಲ್ಲ. ಕೂಸು ಅಳುತ್ತಿದೆ. ಈರಮ್ಮ ಅದಕ್ಕೆ ನೀರೆರೆಯಲು ಕೂತಿದ್ದಾಳೆ, ಬಿಸಿನೀರು ಕೇಳುತ್ತಿದ್ದಾಳೆ.